ನಿಂತ ಗಾಡಿಯ ಲೆಕ್ಕ

(ಸಂಘದ ವಾರ್ಷಿಕ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ ಈ ವೇದಿಕೆಯ ಘನತೆಗೆ ತಕ್ಕುದಲ್ಲವೆಂದು ಕೆಲವರಿಗಾದರೂ ಅನ್ನಿಸಿರಬೇಕು. ಕಾವ್ಯಮೀಮಾಂಸೆ, ಗಡಿ ಸಮಸ್ಯೆ, ರಂಗಭೂಮಿ ಇಂಥವು ಚರ್ಚೆಯಾಗುವ ಸಭಾಗೃಹದಲ್ಲಿ, ಐವತ್ತು ಲಕ್ಷ ರೂಪಾಯಿಯ ಕಾರು ಪೆಟ್ರೋಲಿನದಾಗಿರಬೇಕೊ ವಿದ್ಯುತ್ತಿನದಾಗಿರಬೇಕೊ ಎಂಬ ಜಿಜ್ಞಾಸೆಗೆ ಎಡೆಯೆಲ್ಲಿ? ಆದರೆ ಕಳೆದ ಎರಡು ಮೂರು ವರ್ಷಗಳಲ್ಲಿ ನಮ್ಮ ಕಾರ್ಯಕ್ರಮಗಳು ಮುಗಿದ ಮೇಲಿನ ಹರಟೆಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದೇ. ವಿದ್ಯುತ್ ವಿತರಣೆಯ ಕೆಲಸದಲ್ಲಿ ಮೂವತ್ತನಾಲ್ಕು ವರ್ಷ ಕಳೆದು ನಿವೃತ್ತನಾದವನಾದ್ದರಿಂದ, ಶುಲ್ಕವಿಲ್ಲದ ಸಲಹೆಗಾರನೆಂದು ನನ್ನನ್ನು ಹಲವರು ಭಾವಿಸಿದ್ದಾರೆ. ಒಬ್ಬೊಬ್ಬರಿಗೆ ತುಂಡು ತುಂಡಾಗಿ ಹೇಳಿದ್ದನ್ನು ಒಮ್ಮೆ ಎಲ್ಲರೆದುರು ಇಡಿಯಾಗಿ ಹೇಳುವುದು ಮೇಲೆಂದು ತೋರಿತು.

ಈ ಪ್ರಶ್ನೆಯನ್ನು ನಾನು ಕೇವಲ ಯಂತ್ರದ ಪ್ರಶ್ನೆಯೆಂದು ತಿಳಿದಿಲ್ಲ. ಹೋಟೆಲಿನ ಮೇಜು ಒರೆಸುತ್ತ ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ತಲೆಮಾರು ಈ ನಗರದಲ್ಲಿ ನಮ್ಮ ಸಂಸ್ಥೆಗಳನ್ನು ಕಟ್ಟಿತು. ಅವರ ಮಕ್ಕಳು, ಮೊಮ್ಮಕ್ಕಳು ಈಗ ಐಷಾರಾಮಿ ಎಸ್‌ಯುವಿ ಕೊಳ್ಳಬಲ್ಲವರಾಗಿದ್ದಾರೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ವಿದ್ಯುತ್ ಕಾರು ಕೊಂಡವನು ಗಾಡಿಯ ಜೊತೆಗೆ ಒಂದು ಪುಣ್ಯವನ್ನೂ ಕೊಂಡಂತೆ ಮಾತಾಡತೊಡಗಿರುವುದು ನನ್ನನ್ನು ಯೋಚನೆಗೆ ಹಚ್ಚಿತು. ಆ ಪುಣ್ಯದ ಬೆಲೆಯಲ್ಲಿ ಒಂದು ಪಾಲನ್ನು ಇತರರೂ ತೆರುತ್ತಿರುವಾಗ ಲೆಕ್ಕ ಕೇಳುವುದು ನ್ಯಾಯವೇ.

ಮೊದಲು ಒಂದು ಭ್ರಮೆಯನ್ನು ಬದಿಗಿಡೋಣ. ವಿದ್ಯುತ್ ವಾಹನ ಮುಂಬಯಿಗೆ ಹೊಸದಲ್ಲ. ಈ ಊರಿನಲ್ಲಿ ವಿದ್ಯುತ್ ಟ್ರಾಮ್ 1907ರಲ್ಲಿ ಓಡಿತು. ಭಾರತದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಬೋರಿಬಂದರಿನಿಂದ ಕುರ್ಲಾಕ್ಕೆ ಹೊರಟಿತು. ಅದಕ್ಕೆ ಹತ್ತು ವರ್ಷ ಮೊದಲೇ, 1915ರಲ್ಲಿ, ಖೋಪೋಲಿಯ ಜಲವಿದ್ಯುತ್ತು ಇಲ್ಲಿನ ಗಿರಣಿಗಳನ್ನು ತಿರುಗಿಸತೊಡಗಿತ್ತು. ನಮ್ಮ ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಕೋಲಾರದ ಚಿನ್ನದ ಗಣಿ ಮುಟ್ಟಿದ್ದನ್ನು ಇಲ್ಲಿ ಜಂಬಕ್ಕಾಗಿಯಾದರೂ ನೆನೆಯುತ್ತೇನೆ. ಬಸ್ಸು ಓಡಿಸುವ ಸಂಸ್ಥೆಯೇ ಮನೆಗಳಿಗೆ ವಿದ್ಯುತ್ತನ್ನೂ ಕೊಡುವ ವಿಚಿತ್ರ ಏರ್ಪಾಡು ಬೆಸ್ಟ್‌ನ ಹೆಸರಿನಲ್ಲೇ ಇದೆ. ಟ್ರಾಮನ್ನು 1964ರ ಮಾರ್ಚ್ 31ರಂದು ಕಳಿಸಿಕೊಟ್ಟೆವು. ಲೋಕಲ್ ರೈಲು ಉಳಿದುಕೊಂಡಿತು. ಇವತ್ತಿಗೂ ಈ ನಗರವನ್ನು ಹೊತ್ತು ಸಾಗಿಸುತ್ತಿರುವ ವಿದ್ಯುತ್ ವಾಹನವೆಂದರೆ ಅದೇ. ಹೊಸತಾಗಿರುವುದು ಇಷ್ಟು: ಸಾವಿರಾರು ಜನ ಒಟ್ಟಾಗಿ ಬಳಸುತ್ತಿದ್ದ ಶಕ್ತಿಯನ್ನು ಒಬ್ಬನೇ ಕೂರುವ ಎರಡು ಟನ್ನಿನ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗುವುದು.

ಇನ್ನು ಪ್ರಕೃತ ವಿಷಯ. ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಜೋಡಿಯನ್ನು ಎದುರಿಗಿಟ್ಟುಕೊಳ್ಳುತ್ತೇನೆ. ಬಿಎಂಡಬ್ಲ್ಯು ಕಂಪೆನಿಯ ಎಕ್ಸ್1 ಎಂಬ ಪೆಟ್ರೋಲ್ ಗಾಡಿ, ಅದೇ ಕುಲದ ಐಎಕ್ಸ್1 ಎಂಬ ವಿದ್ಯುತ್ ಗಾಡಿ. ಎರಡನೆಯದರ ಉದ್ದನೆಯ ಆವೃತ್ತಿ 2025ರ ಜನವರಿಯಲ್ಲಿ 49 ಲಕ್ಷ ರೂಪಾಯಿಗೆ ಪೇಟೆಗೆ ಬಂತು, ಚೆನ್ನೈಯಲ್ಲಿ ಜೋಡಣೆಯಾಗುತ್ತದೆ. ಪೆಟ್ರೋಲಿನದೂ ಹೆಚ್ಚುಕಡಿಮೆ ಅದೇ ಬೆಲೆಯ ಆಸುಪಾಸಿನದು. ನಾನು ಈ ಕಂಪೆನಿಯ ಪರವಾಗಿಯೂ ಇಲ್ಲ, ವಿರೋಧವಾಗಿಯೂ ಇಲ್ಲ. ಒಂದೇ ಅಂತಸ್ತಿನ, ಒಂದೇ ಬೆಲೆಯ ಎರಡು ಗಾಡಿಗಳು ಹೀಗೆ ಅಕ್ಕಪಕ್ಕದಲ್ಲಿ ಸಿಗುವುದು ಅಪರೂಪವಾದ್ದರಿಂದ ಉದಾಹರಣೆಗೆ ಅನುಕೂಲ. ಅದೇ ವರ್ಷದ ಜುಲೈಯಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ ಮಳಿಗೆ ತೆರೆದ ಟೆಸ್ಲಾದ ಗಾಡಿಗೆ ಸುಮಾರು 60 ಲಕ್ಷ. ಅದು ಆಮದಿನದು, ಸುಂಕದ ಕಥೆ ಬೇರೆ. ಅದನ್ನು ಸದ್ಯ ಬಿಡೋಣ.

ಐಎಕ್ಸ್1ರ ಬ್ಯಾಟರಿ 66.4 ಯೂನಿಟ್ ವಿದ್ಯುತ್ತನ್ನು ಹಿಡಿಯುತ್ತದೆ. ಒಮ್ಮೆ ತುಂಬಿದರೆ 531 ಕಿಲೋಮೀಟರ್ ಎಂದು ಕಂಪೆನಿ ಹೇಳುತ್ತದೆ; ಹವಾನಿಯಂತ್ರಣ ಹಾಕಿಕೊಂಡು, ನಮ್ಮ ರಸ್ತೆಯಲ್ಲಿ, ಮಳೆಗಾಲದ ಟ್ರಾಫಿಕ್ಕಿನಲ್ಲಿ ನಾಲ್ಕುನೂರು ದಕ್ಕಿದರೆ ತೃಪ್ತರಾಗಬೇಕು. ಗೋಡೆಯ ಸಾಕೆಟ್ಟಿನಿಂದ ಬ್ಯಾಟರಿಗೆ ಹೋಗುವಾಗ ಆಗುವ ನಷ್ಟವನ್ನೂ ಸೇರಿಸಿ ಯೂನಿಟ್ಟಿಗೆ ಐದು ಕಿಲೋಮೀಟರ್ ಎಂದು ನಾನು ಹಿಡಿಯುತ್ತೇನೆ. ಮನೆಯ ಚಾರ್ಜರಿನಲ್ಲಿ ಯೂನಿಟ್ಟಿಗೆ ಹತ್ತು ರೂಪಾಯಿಯ ಸುತ್ತ ಬೀಳುತ್ತದೆ ಎಂದುಕೊಂಡರೆ ಕಿಲೋಮೀಟರಿಗೆ ಎರಡು ರೂಪಾಯಿ. ಹೆದ್ದಾರಿಯ ಖಾಸಗಿ ಚಾರ್ಜಿಂಗ್ ಕೇಂದ್ರಗಳಲ್ಲಿ ದರ ಇದರ ಎರಡು ಪಟ್ಟು ಆಗುವುದುಂಟು. ಪೆಟ್ರೋಲ್ ಗಾಡಿ ನಗರದಲ್ಲಿ ಲೀಟರಿಗೆ ಹತ್ತು ಕಿಲೋಮೀಟರ್ ಕೊಟ್ಟರೆ, ನೂರು ರೂಪಾಯಿ ಮೀರಿದ ಮುಂಬಯಿಯ ಪೆಟ್ರೋಲ್ ಬೆಲೆಯಲ್ಲಿ ಕಿಲೋಮೀಟರಿಗೆ ಹತ್ತು ರೂಪಾಯಿ ಚಿಲ್ಲರೆ. ಕಿಲೋಮೀಟರಿಗೆ ಎಂಟು ರೂಪಾಯಿ ಉಳಿತಾಯ ಎಂದ ಕೂಡಲೆ ನಮ್ಮವರ ಕಣ್ಣು ಅರಳುತ್ತದೆ. ಹೋಟೆಲ್ ನಡೆಸಿದವರ ರಕ್ತದಲ್ಲೇ ಈ ಗುಣಾಕಾರ ಇರುತ್ತದೆ.

ಗುಣಾಕಾರಕ್ಕೆ ಇನ್ನೊಂದು ಅಂಕಿ ಬೇಕಲ್ಲ: ಗಾಡಿ ವರ್ಷಕ್ಕೆ ಎಷ್ಟು ಓಡುತ್ತದೆ?

ನನ್ನ ಸೋದರಳಿಯನೊಬ್ಬ ಉಪನಗರದಲ್ಲಿ ಮೂರು ಉಪಾಹಾರಗೃಹಗಳನ್ನು ನಡೆಸುತ್ತಾನೆ. "ಮಾವ, ಪೆಟ್ರೋಲಿನದು ತೆಗೆದುಕೊಳ್ಳಲೊ, ಕರೆಂಟಿನದು ತೆಗೆದುಕೊಳ್ಳಲೊ, ಒಂದೇ ಮಾತಿನಲ್ಲಿ ಹೇಳಿ" ಎಂದು ಬಂದು ಕುಳಿತ. ನಾನು ಅವನ ಈಗಿನ ಗಾಡಿಯ ಓಡೋಮೀಟರ್ ನೋಡಿ ಬರಲು ಹೇಳಿದೆ. ಎಂಟು ವರ್ಷಕ್ಕೆ ಐವತ್ತೆರಡು ಸಾವಿರ ಕಿಲೋಮೀಟರ್. ವರ್ಷಕ್ಕೆ ಆರೂವರೆ ಸಾವಿರ. ಅದರಲ್ಲಿ ಎರಡು ಸಾವಿರದ ಹತ್ತಿರ ಮೇ ತಿಂಗಳಲ್ಲಿ ಊರಿಗೆ ಹೋಗಿಬಂದದ್ದು. ಉಳಿದ ಹನ್ನೊಂದು ತಿಂಗಳು ದಿನಕ್ಕೆ ಹದಿಮೂರು ಹದಿನಾಲ್ಕು ಕಿಲೋಮೀಟರ್. ಈ ಲೆಕ್ಕದಲ್ಲಿ ವಿದ್ಯುತ್ ಗಾಡಿಯಿಂದ ವರ್ಷಕ್ಕೆ ಉಳಿಯುವುದು ಹೆಚ್ಚೆಂದರೆ ಐವತ್ತು ಸಾವಿರ ರೂಪಾಯಿ. ಐವತ್ತು ಲಕ್ಷದ ಗಾಡಿ ಮಳಿಗೆಯಿಂದ ಹೊರಬಿದ್ದ ಮೊದಲ ವರ್ಷದಲ್ಲೇ ಕಳೆದುಕೊಳ್ಳುವ ಮರುಮಾರಾಟದ ಬೆಲೆ ಇದರ ಹಲವು ಪಟ್ಟು. ವಿದ್ಯುತ್ ಗಾಡಿಯಲ್ಲಂತೂ ಹೊಸ ಬ್ಯಾಟರಿ, ಹೊಸ ಮಾದರಿ ವರ್ಷವರ್ಷವೂ ಬರುವುದರಿಂದ ಹಳೆಯದರ ಬೆಲೆ ಇನ್ನಷ್ಟು ಬೇಗ ಇಳಿಯುತ್ತದೆ. ಬ್ಯಾಟರಿಗೆ ಸಾಮಾನ್ಯವಾಗಿ ಎಂಟು ವರ್ಷದ ಖಾತರಿ ಇದ್ದರೂ ಎರಡನೆಯ ಕೈಯವನು ಆ ಎಂಟರಿಂದ ಕಳೆಯುತ್ತಲೇ ಚೌಕಾಸಿ ಮಾಡುತ್ತಾನೆ. ಆದ್ದರಿಂದ ಉಳಿತಾಯಕ್ಕಾಗಿ ಐಷಾರಾಮಿ ಗಾಡಿ ಎಂಬ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಾಗಿಲ್ಲ. ಉಳಿತಾಯ ಬೇಕಾದವನು ಐಷಾರಾಮಿ ಗಾಡಿಯ ಮಳಿಗೆಗೆ ಹೋಗುವುದಿಲ್ಲ.

ಸರಿ, ಹಣ ಬಿಡಿ, ಹೊಗೆಯ ಮಾತೇನು? ಇದು ಗೌರವಯುತವಾದ ಪ್ರಶ್ನೆ. ಇದಕ್ಕೆ ತುಸು ತಾಳ್ಮೆಯಿಂದ ಉತ್ತರಿಸಬೇಕಾಗುತ್ತದೆ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಮ್ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ಕಚ್ಚಾತೈಲವನ್ನು ತೆಗೆಯುವ, ತರುವ, ಶುದ್ಧೀಕರಿಸುವ ಹೊಗೆ ಇದಕ್ಕೆ ಕೂಡಬೇಕು. ಇತ್ತ ನಮ್ಮ ಪೆಟ್ರೋಲಿನಲ್ಲಿ ಈಗ ಐದರಲ್ಲೊಂದು ಪಾಲು ಎಥೆನಾಲ್ ಬೆರೆಯುವುದರಿಂದ ಅಷ್ಟೋ ಇಷ್ಟೋ ಕಳೆಯಬೇಕು. (ಆ ಎಥೆನಾಲಿಗಾಗಿ ಬೆಳೆಯುವ ಕಬ್ಬು ಕುಡಿಯುವ ನೀರಿನ ಲೆಕ್ಕವನ್ನು ಬೆಳಗಾವಿ, ಬಾಗಲಕೋಟೆ, ಕೊಲ್ಲಾಪುರದವರು ಬೇರೆಯಾಗಿ ಹೇಳಬೇಕು.) ಕೂಡಿದ್ದೂ ಕಳೆದದ್ದೂ ಸರಿಹೋಯಿತೆಂದರೆ, ನಗರದಲ್ಲಿ ಪೆಟ್ರೋಲ್ ಎಸ್‌ಯುವಿ ಕಿಲೋಮೀಟರಿಗೆ 230 ಗ್ರಾಮಿನಂತೆ ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ.

ವಿದ್ಯುತ್ ಗಾಡಿ ಸ್ವತಃ ಏನನ್ನೂ ಉಗುಳುವುದಿಲ್ಲ, ನಿಜ. ಆದರೆ ನಮ್ಮ ದೇಶದಲ್ಲಿ ಉತ್ಪಾದನೆಯಾಗುವ ಪ್ರತಿ ನೂರು ಯೂನಿಟ್ಟಿನಲ್ಲಿ ಎಪ್ಪತ್ತರಷ್ಟು ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತವೆ. 2025ರಲ್ಲಿ ದೇಶದ ಸ್ಥಾಪಿತ ಸಾಮರ್ಥ್ಯದಲ್ಲಿ ಪಳೆಯುಳಿಕೆಯೇತರ ಮೂಲಗಳ ಪಾಲು ಅರ್ಧ ಮುಟ್ಟಿತೆಂದು ಪತ್ರಿಕೆಗಳಲ್ಲಿ ಸಂಭ್ರಮಿಸಿದರು. ಸ್ಥಾಪಿಸಿದ್ದು ಬೇರೆ, ಉತ್ಪಾದಿಸಿದ್ದು ಬೇರೆ ಎಂಬುದು ಆ ಸಂಭ್ರಮದಲ್ಲಿ ಮರೆತುಹೋಯಿತು. ಜಾಲಕ್ಕೆ ಬಂದು ಸೇರುವ ಸರಾಸರಿ ಒಂದು ಯೂನಿಟ್ಟಿನ ಹಿಂದೆ 0.7 ಕಿಲೋಗ್ರಾಮಿಗೆ ತುಸು ಮೇಲ್ಪಟ್ಟು ಇಂಗಾಲದ ಡೈ ಆಕ್ಸೈಡ್ ಇದೆ. ಐದು ಕಿಲೋಮೀಟರಿಗೆ ಒಂದು ಯೂನಿಟ್ಟು ಎಂದರೆ, ತಂತಿಯಲ್ಲಾಗುವ ನಷ್ಟವೂ ಸೇರಿ ಕಿಲೋಮೀಟರಿಗೆ ಸುಮಾರು 150 ಗ್ರಾಮ್. ಅಂತರ 80 ಗ್ರಾಮ್. ಕಲ್ಲಿದ್ದಲಿನ ದೇಶದಲ್ಲಿಯೂ ವಿದ್ಯುತ್ ಗಾಡಿಯೇ ಮೇಲು ಎಂಬುದನ್ನು ನಾನು ಮುಕ್ತಮನಸ್ಸಿನಿಂದ ಒಪ್ಪುತ್ತೇನೆ. ಪೆಟ್ರೋಲ್ ಎಂಜಿನ್ ತನ್ನ ಇಂಧನದ ಹೆಚ್ಚಿನ ಪಾಲನ್ನು ಬಿಸಿಯಾಗಿ ಚೆಲ್ಲುತ್ತದೆ. ಮೋಟಾರು ಹಾಗೆ ಮಾಡುವುದಿಲ್ಲ. ಬ್ರೇಕ್ ಹಿಡಿದಾಗ ಒಂದಿಷ್ಟನ್ನು ಮರಳಿ ಪಡೆಯುತ್ತದೆ. ಇದರಲ್ಲಿ ವಾದಕ್ಕೆ ಎಡೆಯಿಲ್ಲ.

ವಾದ ಇರುವುದು ಗಾಡಿ ರಸ್ತೆಗಿಳಿಯುವ ಮೊದಲೇ ಅದರ ತಲೆಯ ಮೇಲೆ ಕೂತಿರುವ ಸಾಲದಲ್ಲಿ. ಅರವತ್ತಾರು ಯೂನಿಟ್ಟಿನ ಬ್ಯಾಟರಿಯೊಂದನ್ನು ಅದಿರಿನಿಂದ ಹಿಡಿದು ಸಿದ್ಧವಸ್ತುವಿನವರೆಗೆ ತಯಾರಿಸುವಾಗ, ಕಾರ್ಖಾನೆ ಯಾವ ದೇಶದಲ್ಲಿದೆ ಎಂಬುದನ್ನು ಅವಲಂಬಿಸಿ, ನಾಲ್ಕರಿಂದ ಆರು ಟನ್ ಇಂಗಾಲದ ಡೈ ಆಕ್ಸೈಡ್ ವಾತಾವರಣ ಸೇರುತ್ತದೆ. ಐದು ಟನ್ ಎಂದಿಟ್ಟುಕೊಂಡು ಕಿಲೋಮೀಟರಿಗೆ 80 ಗ್ರಾಮಿನಂತೆ ತೀರಿಸುತ್ತ ಹೋದರೆ, ಸಾಲ ಹರಿಯುವುದು ಅರವತ್ತು ಸಾವಿರ ಕಿಲೋಮೀಟರ್ ದಾಟಿದ ಮೇಲೆ. ದಿನವಿಡೀ ಓಡುವ ಟ್ಯಾಕ್ಸಿಗೆ ಇದು ಹೆಚ್ಚೆಂದರೆ ಒಂದೂವರೆ ವರ್ಷದ ಮಾತು. ನನ್ನ ಸೋದರಳಿಯನಿಗೆ ಒಂಬತ್ತೂವರೆ ವರ್ಷ. ಅಷ್ಟರೊಳಗೆ ಅವನು, ಅವನ ಅಂತಸ್ತಿನ ಎಲ್ಲರಂತೆ, ಈ ಗಾಡಿಯನ್ನು ಮಾರಿ ಇನ್ನೊಂದನ್ನು ತಂದಿರುತ್ತಾನೆ. ಅದರ ತಲೆಯ ಮೇಲೆ ಇನ್ನೊಂದು ಸಾಲ. ಜಾಲದಲ್ಲಿ ಸೌರವಿದ್ಯುತ್ತು ಹೆಚ್ಚಿದಂತೆ ಈ ಅವಧಿ ಕುಗ್ಗುತ್ತದೆ, ಹೌದು. ಆದರೆ ನಮ್ಮ ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನದಲ್ಲಿ ಸಂಜೆ ಆರಕ್ಕೆ ಸೂರ್ಯ ಮುಳುಗುತ್ತಾನೆ. ಮಾಲೀಕರು ಗಾಡಿಯನ್ನು ಚಾರ್ಜಿಗೆ ಹಚ್ಚುವುದು ರಾತ್ರಿ ಊಟ ಮುಗಿಸಿ ಬಂದು, ಒಂಬತ್ತೂವರೆಗೆ. ಆ ಹೊತ್ತಿನ ವಿದ್ಯುತ್ತು ಬಹುಪಾಲು ಚಂದ್ರಪುರದಂಥ ಕಡೆಯಿಂದ ಬರಬೇಕು.

ನಾನು ಹೇಳಬೇಕೆಂದಿರುವುದರ ತಿರುಳು ಇಲ್ಲಿಯೇ ಇದೆ. ವಿದ್ಯುತ್ ವಾಹನದ ಗುಣ ಅದರ ಓಟದಲ್ಲಿದೆ. ಓಡಿದಷ್ಟೂ ಅದು ಒಳ್ಳೆಯದಾಗುತ್ತ ಹೋಗುತ್ತದೆ. ಐಷಾರಾಮಿ ವಾಹನದ ಗುಣವಾದರೊ ನಿಲ್ಲುವುದರಲ್ಲಿದೆ: ಮನೆಯ ಕೆಳಗೆ, ಮದುವೆಮಂಟಪದ ಎದುರು, ಊರಿನ ಜಾತ್ರೆಯ ಗದ್ದೆಯಂಚಿನಲ್ಲಿ. ಎರಡನ್ನೂ ಒಂದೇ ತಗಡಿನೊಳಗೆ ಕೂಡಿಸಿದಾಗ ಬೆಲೆಬಾಳುವ ಬ್ಯಾಟರಿಯೊಂದು ದಿನಕ್ಕೆ ಇಪ್ಪತ್ತಮೂರು ಗಂಟೆ ನೆಲಮಾಳಿಗೆಯಲ್ಲಿ ಧ್ಯಾನಕ್ಕೆ ಕೂರುತ್ತದೆ. ಅಷ್ಟೇ ಬ್ಯಾಟರಿಯಿಂದ ಇಪ್ಪತ್ತು ಸ್ಕೂಟರುಗಳನ್ನೊ, ಏಳೆಂಟು ಆಟೋಗಳನ್ನೊ ಓಡಿಸಬಹುದಿತ್ತು.

ಬೀದಿಯ ಗಾಳಿಯ ಬಗ್ಗೆಯೂ ಒಂದು ಮಾತು. ಸಿಗ್ನಲಿನಲ್ಲಿ ನಿಂತ ಪೊಲೀಸನೂ ಬಸ್ ತಂಗುದಾಣದಲ್ಲಿ ಕಾಯುವವರೂ ವಿದ್ಯುತ್ ಗಾಡಿಯ ಹಿಂದೆ ಉಸಿರಾಡಬಲ್ಲರು, ಅದು ದೊಡ್ಡದೇ. ಆದರೆ 2020ರ ಏಪ್ರಿಲಿನಿಂದ ಬಿಎಸ್-6 ಮಾನದಂಡ ಬಂದ ಮೇಲೆ ಹೊಸ ಪೆಟ್ರೋಲ್ ಕಾರಿನ ಹೊಗೆ ಮೊದಲಿನಂತಿಲ್ಲ. ಈ ನಗರದ ಎದೆಗೆ ಕೂತಿರುವುದು ಕಟ್ಟಡಗಳ ದೂಳು, ರಸ್ತೆಯ ದೂಳು, ಹಳೆಯ ಡೀಸೆಲ್ ಲಾರಿಗಳ ಮಸಿ. ಒಂದು ಹೊಸ ಪೆಟ್ರೋಲ್ ಕಾರನ್ನು ತಪ್ಪಿಸಿದರೆ ಸಿಗುವ ಲಾಭಕ್ಕಿಂತ ಒಂದು ಹಳೆಯ ಡೀಸೆಲ್ ಬಸ್ಸನ್ನು ತಪ್ಪಿಸಿದರೆ ಸಿಗುವ ಲಾಭ ಹೆಚ್ಚು. ಜೊತೆಗೆ, ಇವೆರಡರಲ್ಲಿ ವಿದ್ಯುತ್ ಗಾಡಿ ಸುಮಾರು ನಾಲ್ಕು ಕ್ವಿಂಟಲ್ ಹೆಚ್ಚು ತೂಗುತ್ತದೆ. ಟಯರಿನ ಸವೆತ ತೂಕಕ್ಕೆ ತಕ್ಕಂತೆ.

ಹೊಗೆ ಮಾಯವಾಗುವುದಿಲ್ಲ, ವಿಳಾಸ ಬದಲಿಸುತ್ತದೆ. ಪೆಟ್ರೋಲಿನ ವಿಳಾಸ ಚೆಂಬೂರಿನಾಚೆಯ ಮಾಹುಲ್. ಎರಡು ದೊಡ್ಡ ತೈಲ ಶುದ್ಧೀಕರಣಾಗಾರಗಳು 1950ರ ದಶಕದಿಂದಲೂ ಅಲ್ಲಿವೆ. ತಾನಸಾ ಕೊಳವೆಮಾರ್ಗದ ಬದಿಯ ಗುಡಿಸಲುಗಳನ್ನು ಕೆಡವಿ ಆ ಜನರನ್ನು ಮಾಹುಲ್‌ನ ಬಹುಮಹಡಿಗಳಿಗೆ ಸಾಗಿಸಿದರು. ಅಲ್ಲಿಯ ಗಾಳಿಯ ಕಾರಣಕ್ಕೆ, ಅವರನ್ನು ಅಲ್ಲೇ ಇರುವಂತೆ ಬಲವಂತಪಡಿಸಲಾಗದೆಂದು ಮುಂಬಯಿ ಉಚ್ಚ ನ್ಯಾಯಾಲಯ 2019ರಲ್ಲಿ ಹೇಳಬೇಕಾಯಿತು. ವಿದ್ಯುತ್ತಿನ ವಿಳಾಸಗಳಲ್ಲೊಂದು ಡಹಾಣೂ: ಚಿಕ್ಕೂ ತೋಟಗಳ, ವಾರಲಿ ಆದಿವಾಸಿಗಳ ತಾಲ್ಲೂಕು. 1991ರಲ್ಲಿ ಪರಿಸರಸೂಕ್ಷ್ಮ ಪ್ರದೇಶವೆಂದು ಸಾರಲಾದ ಆ ತಾಲ್ಲೂಕಿನಲ್ಲಿ, ಮುಂಬಯಿಯ ಉಪನಗರಗಳಿಗೆ ಬೆಳಕು ಕೊಡಲು 500 ಮೆಗಾವಾಟಿನ ಕಲ್ಲಿದ್ದಲ ಸ್ಥಾವರ ಎದ್ದಿತು. ಸ್ಥಳೀಯರು ವರ್ಷಗಟ್ಟಲೆ ಹೋರಾಡಿದರು. ಸರ್ವೋಚ್ಚ ನ್ಯಾಯಾಲಯದ ಆದೇಶದ ಮೇರೆಗೆ 1996ರಲ್ಲಿ ನ್ಯಾಯಮೂರ್ತಿ ಚಂದ್ರಶೇಖರ ಧರ್ಮಾಧಿಕಾರಿಯವರ ಅಧ್ಯಕ್ಷತೆಯಲ್ಲಿ ಪರಿಸರ ಸಂರಕ್ಷಣಾ ಪ್ರಾಧಿಕಾರ ರಚನೆಯಾಯಿತು. ಆ ಪ್ರಾಧಿಕಾರ ಪಟ್ಟುಹಿಡಿದದ್ದರಿಂದಲೇ ಗಂಧಕದ ಹೊಗೆಯನ್ನು ತೊಳೆಯುವ ಯಂತ್ರ ಅಲ್ಲಿಗೆ ಬಂತು. ದೇಶದ ಬಹುಪಾಲು ಉಷ್ಣಸ್ಥಾವರಗಳಿಗೆ ಅಂಥ ಭಾಗ್ಯ ಇಂದಿಗೂ ಇಲ್ಲ. ನಮ್ಮ ರಾಯಚೂರಿನ ಶಕ್ತಿನಗರದವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಋಣದ ಮಾತಿಗೆ ಬರುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಲ್ಲಿ ದೊಡ್ಡ ಪೆಟ್ರೋಲ್ ಎಸ್‌ಯುವಿಗೆ ನೂರಕ್ಕೆ 40, ವಿದ್ಯುತ್ ವಾಹನಕ್ಕೆ ನೂರಕ್ಕೆ 5. ಆ 5, ಹತ್ತು ಲಕ್ಷದ ಪುಟ್ಟ ಗಾಡಿಗೂ ಒಂದೂಕಾಲು ಕೋಟಿಯ ಗಾಡಿಗೂ ಒಂದೇ. ಐವತ್ತು ಲಕ್ಷಕ್ಕೆ ಮಾರುವ ಪೆಟ್ರೋಲ್ ಗಾಡಿಯ ಬೆಲೆಯೊಳಗೆ ಹದಿನಾಲ್ಕು ಲಕ್ಷಕ್ಕೂ ಮೇಲ್ಪಟ್ಟು ತೆರಿಗೆ ಇರುತ್ತದೆ. ಅಷ್ಟೇ ಬೆಲೆಯ ವಿದ್ಯುತ್ ಗಾಡಿಯಲ್ಲಿ ಎರಡು ಲಕ್ಷ ನಲವತ್ತು ಸಾವಿರದ ಹತ್ತಿರ. ಅಂತರ ಸುಮಾರು ಹನ್ನೆರಡು ಲಕ್ಷ. ಮಹಾರಾಷ್ಟ್ರದಲ್ಲಿ ಪೆಟ್ರೋಲ್ ಗಾಡಿಯ ಮೇಲಿನ ನೂರಕ್ಕೆ 13ರ ರಸ್ತೆತೆರಿಗೆ ವಿದ್ಯುತ್ತಿನದಕ್ಕೆ ಮಾಫಿ, ಅದು ಆರೂವರೆ ಲಕ್ಷ. ಒಟ್ಟು ಹದಿನೆಂಟು ಲಕ್ಷ ರೂಪಾಯಿಗೂ ಹೆಚ್ಚು, ಒಂದು ಗಾಡಿಗೆ. ಅಟಲ್ ಸೇತುವಿನ ಟೋಲ್ ಮಾಫಿಯನ್ನು ನಾನು ಸೇರಿಸಿಲ್ಲ.

2025ರ ಮಾರ್ಚಿನ ಆಯವ್ಯಯದಲ್ಲಿ ರಾಜ್ಯ ಸರಕಾರ, ಮೂವತ್ತು ಲಕ್ಷ ಮೀರಿದ ವಿದ್ಯುತ್ ವಾಹನಗಳ ಮೇಲೆ ನೂರಕ್ಕೆ 6ರ ತೆರಿಗೆ ಹಾಕುವುದಾಗಿ ಹೇಳಿತು. ಸಾಧುವಾದ ಪ್ರಸ್ತಾಪ. ಆ ತಿಂಗಳು ಮುಗಿಯುವ ಮೊದಲೇ ಅದನ್ನು ಹಿಂತೆಗೆದುಕೊಂಡಿತು. ಅದರಿಂದ ಹೆಚ್ಚಿನ ಆದಾಯವಿಲ್ಲ, ವಿದ್ಯುತ್ ವಾಹನಗಳಿಗೆ ತಪ್ಪು ಸಂದೇಶ ಹೋಗುತ್ತದೆ ಎಂಬುದು ಕೊಟ್ಟ ಸಮಜಾಯಿಷಿ. ಅದೇ ವರ್ಷದ ಮೇ 9ರಿಂದ ಬೆಸ್ಟ್ ಬಸ್ಸಿನ ಕನಿಷ್ಠ ದರ ಐದು ರೂಪಾಯಿಯಿಂದ ಹತ್ತಕ್ಕೇರಿತು. ಹವಾನಿಯಂತ್ರಿತ ಬಸ್ಸಿನಲ್ಲಿ ಆರರಿಂದ ಹನ್ನೆರಡು. ಆ ಹವಾನಿಯಂತ್ರಿತ ಬಸ್ಸುಗಳಲ್ಲಿ ಹಲವು ವಿದ್ಯುತ್ತಿನವೇ ಆಗಿವೆ. ಮಹಡಿಬಸ್ಸು ಕೂಡ 2023ರಿಂದ ವಿದ್ಯುತ್ತಿನದು. ಒಂದು ವಿದ್ಯುತ್ ಬಸ್ಸಿಗೆ ಒಂದು ಕೋಟಿಗೂ ಹೆಚ್ಚು ಬೆಲೆ. ಅಂದರೆ ಆರೇಳು ಐಷಾರಾಮಿ ಗಾಡಿಗಳಿಗೆ ಬಿಟ್ಟುಕೊಟ್ಟ ತೆರಿಗೆ ಒಂದು ಬಸ್ಸಿನ ಬೆಲೆಯ ಹತ್ತಿರ ಬರುತ್ತದೆ. ಬೆಳಿಗ್ಗೆ ಆರಕ್ಕೆ ಮನೆಗೆಲಸಕ್ಕೆ ಹೊರಡುವ ಹೆಂಗಸು ಬಸ್ಸಿಗೆ ಎರಡು ಪಟ್ಟು ತೆತ್ತು ಯಾರ ಮನೆಗೆ ಕೆಲಸಕ್ಕೆ ಹೋಗುತ್ತಾಳೊ, ಆ ಮನೆಯ ಗಾಡಿಗೆ ಹದಿನೆಂಟು ಲಕ್ಷ ಸೋಡಿ. ಬಸ್ಸುಗಳ ಸಂಖ್ಯೆಯೋ ವರ್ಷವರ್ಷಕ್ಕೂ ಕುಗ್ಗುತ್ತ ಬಂದಿದೆ.

ಈ ವಿಷಯದಲ್ಲಿ ಕರ್ನಾಟಕ ಒಂದು ಹೆಜ್ಜೆ ಮುಂದಿಟ್ಟಿದೆಯೆಂದು ಹೇಳಲು ನನಗೆ ಹರ್ಷವಾಗುತ್ತದೆ. ವಿದ್ಯುತ್ ವಾಹನಗಳಿಗಾಗಿ 2017ರಲ್ಲಿ ದೇಶದಲ್ಲೇ ಮೊದಲು ನೀತಿ ರೂಪಿಸಿದ ರಾಜ್ಯ ಅದು. ರಸ್ತೆತೆರಿಗೆಯನ್ನು ಪೂರ್ತಿ ಬಿಟ್ಟಿತ್ತು. 2024ರಲ್ಲಿ ಕಾಯಿದೆ ತಿದ್ದಿ, ಇಪ್ಪತ್ತೈದು ಲಕ್ಷ ಮೀರಿದ ವಿದ್ಯುತ್ ಕಾರುಗಳ ಮೇಲೆ ನೂರಕ್ಕೆ 10ರ ಆಜೀವ ತೆರಿಗೆ ವಿಧಿಸಿತು. ಅಗ್ಗದ ಗಾಡಿಯನ್ನು ಪ್ರೋತ್ಸಾಹಿಸು, ದುಬಾರಿಯದನ್ನು ತನ್ನ ಪಾಡಿಗೆ ಬಿಡು ಎಂಬ ವಿವೇಕ ಇದರಲ್ಲಿತ್ತು. ಬೆಂಗಳೂರಿನಲ್ಲಿ ಕೆಲವರು ಆಗ ಗೊಣಗಿದರು. ಗೊಣಗಿದವರಲ್ಲಿ ಆಟೋ ಓಡಿಸುವವರು ಇದ್ದಂತೆ ಕಾಣಲಿಲ್ಲ.

ಇದಕ್ಕೆ ಎದುರಾಗಿ ಒಂದು ವಾದವಿದೆ, ಅದನ್ನು ಮುಚ್ಚಿಡಬಾರದು. ಹೊಸ ವಸ್ತುವನ್ನು ಮೊದಲು ಶ್ರೀಮಂತ ಕೊಳ್ಳಬೇಕು, ಆಗಲೇ ಅದು ಬಡವನಿಗೆ ಅಗ್ಗವಾಗುವುದು. ಮೊಬೈಲ್ ಫೋನ್ ಹಾಗೆಯೇ ಬಂತಲ್ಲವೆ? ಬ್ಯಾಟರಿಯ ಬೆಲೆ 2010ರಲ್ಲಿ ಯೂನಿಟ್ ಸಾಮರ್ಥ್ಯಕ್ಕೆ ಸಾವಿರ ಡಾಲರು ಮೀರಿದ್ದು 2024ರಲ್ಲಿ 115 ಡಾಲರಿನ ಸುತ್ತ ಇಳಿದದ್ದು ನಿಜ. ಜಗತ್ತಿನ ಮೊದಲ ವಿದ್ಯುತ್ ಐಷಾರಾಮಿ ಗಾಡಿಗಳನ್ನು ಕೊಂಡವರಿಗೆ ಅದರಲ್ಲಿ ಪಾಲಿದೆ. ಆದರೆ ಆ ಕೆಲಸ ಮುಗಿದಿದೆ, ಬೆಲೆ ಇಳಿದಾಯಿತು. ಚೀನಾದ ನಗರಗಳ ಬಸ್ಸುಗಳೂ ಸಣ್ಣ ಕಾರುಗಳೂ ಆ ಬೆಲೆಯನ್ನು ಇಳಿಸಿದ್ದು ಕಡಿಮೆಯೇನಲ್ಲ. ನಮ್ಮಲ್ಲೇ ಇನ್ನೊಂದು ಪಾಠವಿತ್ತು. ಬೆಂಗಳೂರಿನಲ್ಲಿ ಚೇತನ್ ಮೈನಿಯವರ ಸಂಸ್ಥೆ 2001ರಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ಹೊರತಂದಿತು. ಎರಡು ಬಾಗಿಲು, ಸೀಸದ ಬ್ಯಾಟರಿ, ಒಮ್ಮೆ ತುಂಬಿದರೆ ಎಂಬತ್ತು ಕಿಲೋಮೀಟರ್. ಲಂಡನ್ನಿನ ಜನ ಅದನ್ನು ಜಿ-ವಿಜ್ ಎಂಬ ಹೆಸರಿನಲ್ಲಿ ಕೊಂಡು ಓಡಿಸಿದರು. ನಾವು ಅದನ್ನು ನೋಡಿ ಆಟಿಕೆಯೆಂದು ನಕ್ಕೆವು. 2010ರಲ್ಲಿ ಸಂಸ್ಥೆ ಮಹೀಂದ್ರಾದ ಕೈಸೇರಿತು. ನನ್ನ ಸೋದರಳಿಯನ ದಿನದ ಹದಿನಾಲ್ಕು ಕಿಲೋಮೀಟರಿಗೆ ರೇವಾ ಧಾರಾಳವಾಗಿ ಸಾಕಿತ್ತು. ಅದರಲ್ಲಿ ಇಳಿದರೆ ಮದುವೆಮಂಟಪದ ಎದುರಿಗೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಅಷ್ಟೇ.

ಮಂಡ್ಯದ ಮಾರ್ಲಗಲ್ಲದಲ್ಲಿ ಲಿಥಿಯಂ ಸಿಕ್ಕಿತೆಂದು ಹಿಗ್ಗಿದವರಿಗೂ ಒಂದು ಅಂಕಿ. 2021ರಲ್ಲಿ ಸರಕಾರ ಪ್ರಕಟಿಸಿದ ಅಂದಾಜು 1,600 ಟನ್. ಅಷ್ಟೂ ದಕ್ಕಿದರೂ ಇಂಥ ಎರಡು ಲಕ್ಷ ಗಾಡಿಗಳಿಗೆ ಸಾಲಬಹುದು. ಸಣ್ಣ ಬ್ಯಾಟರಿಯ ಸ್ಕೂಟರುಗಳಿಗಾದರೆ ನಲವತ್ತು ಲಕ್ಷಕ್ಕೆ. ಯಾವುದಕ್ಕೆ ಖರ್ಚು ಮಾಡಬೇಕು ಎಂಬುದು ಮಂಡ್ಯದವರೂ ಕೇಳಬಹುದಾದ ಪ್ರಶ್ನೆ.

ವಸತಿ ಸಂಘಗಳ ಜಗಳವನ್ನು ಹೇಳದೆ ಈ ಉಪನ್ಯಾಸ ಪೂರ್ಣವಾಗದು. ನಿಮ್ಮಲ್ಲಿ ಹಲವರು ಅಲ್ಲಿಂದಲೇ ಇಲ್ಲಿಗೆ ಬಂದಿದ್ದೀರಿ. ನಾನಿರುವ ಕಟ್ಟಡದಲ್ಲಿ ನಲವತ್ತೆಂಟು ಮನೆಗಳು. ಮೂವರು ವಿದ್ಯುತ್ ಗಾಡಿ ತಂದು ಹನ್ನೊಂದು ಕಿಲೋವಾಟಿನ ಚಾರ್ಜರ್ ಕೇಳಿದರು. ಒಂದು ಮನೆಗೆ ಮಂಜೂರಾದ ಹೊರೆ ಐದು ಕಿಲೋವಾಟ್. ಒಂದು ಚಾರ್ಜರೆಂದರೆ ಎರಡು ಮನೆ ಹೊಸದಾಗಿ ಕಟ್ಟಿದಂತೆ, ಅದೂ ಎಲ್ಲರ ಹವಾನಿಯಂತ್ರಕಗಳು ಓಡುವ ರಾತ್ರಿಯ ಹೊತ್ತಿಗೆ. ಮುಖ್ಯ ಕೇಬಲ್ ಬದಲಿಸಬೇಕು. ಖರ್ಚು ಮೂವರದೊ, ನಲವತ್ತೆಂಟು ಮಂದಿಯದೊ? ನಾಲ್ಕು ಸಭೆಗಳಾದವು. ನಾನು ಸೂಚಿಸಿದ್ದು ಇಷ್ಟು: ದಿನಕ್ಕೆ ಹದಿನಾಲ್ಕು ಕಿಲೋಮೀಟರ್ ಓಡುವ ಗಾಡಿಗೆ ದಿನಕ್ಕೆ ಮೂರು ಯೂನಿಟ್ ಸಾಕು, ಹನ್ನೊಂದು ಕಿಲೋವಾಟಿನ ಚಾರ್ಜರು ಏಕೆ? ಮೂರು ಕಿಲೋವಾಟಿನ ಸಾಧಾರಣ ಸಾಕೆಟ್ಟು, ಪ್ರತ್ಯೇಕ ಮೀಟರು, ಮಧ್ಯರಾತ್ರಿಯ ನಂತರ ತಾನೇ ಶುರುವಾಗುವ ಟೈಮರು. ಒಂದೂಕಾಲು ಗಂಟೆಯಲ್ಲಿ ಆ ದಿನದ ಕೆಲಸ ಮುಗಿಯುತ್ತದೆ, ಕೇಬಲ್ ಬದಲಿಸಬೇಕಾಗಿಲ್ಲ. ಇಬ್ಬರು ಒಪ್ಪಿದರು. ಮೂರನೆಯವರು ಗಾಡಿಯ ಜೊತೆಗೆ ಬಂದ ಚಾರ್ಜರು ಪುಕ್ಕಟೆಯದು, ಅದನ್ನೇ ಹಾಕಬೇಕೆಂದು ಇನ್ನೂ ಹಟದಲ್ಲಿದ್ದಾರೆ.

ಊರಿನ ಪ್ರಯಾಣದ ಭಯವೂ ಹಲವರಿಗಿದೆ. ಉಡುಪಿ-ಮಂಗಳೂರಿಗೆ ಸುಮಾರು ಒಂಬೈನೂರು ಕಿಲೋಮೀಟರ್. ಕೊಂಕಣದ ಹೆದ್ದಾರಿಯ ಕಾಮಗಾರಿ 2011ರಿಂದಲೂ ಎಳೆಯುತ್ತಿರುವುದರಿಂದ ಅನೇಕರು ಕೊಲ್ಲಾಪುರ, ಹುಬ್ಬಳ್ಳಿ, ಅರಬೈಲು ಘಟ್ಟದ ಬಳಸುದಾರಿ ಹಿಡಿಯುತ್ತಾರೆ. ದಾರಿಯಲ್ಲಿ ಎರಡು ಸಲ ನಿಂತು ತುಂಬಿಸಿಕೊಳ್ಳಬೇಕು, ಮೇ ತಿಂಗಳಲ್ಲಿ ಸಾಲೂ ಇರಬಹುದು. ಊಟಕ್ಕೂ ಕಾಫಿಗೂ ಹೇಗೂ ನಿಲ್ಲುತ್ತೀರಿ. ಘಟ್ಟ ಇಳಿಯುವಾಗ ಬ್ಯಾಟರಿ ತುಸು ತುಂಬಿಕೊಳ್ಳುವುದನ್ನು ನೋಡುವ ಖುಷಿಯೇ ಬೇರೆ. ವರ್ಷಕ್ಕೊಂದು ಪ್ರಯಾಣಕ್ಕಾಗಿ ಉಳಿದ ಮುನ್ನೂರ ಅರವತ್ತು ದಿನದ ಗಾಡಿಯನ್ನು ನಿರ್ಧರಿಸುವುದು ಜಾಣತನವಲ್ಲ; ರೈಲು ಇದೆ.

ಇನ್ನೊಂದು ಸಂಗತಿ, ಇದನ್ನು ಯಾವ ಮಾರಾಟಗಾರನೂ ಹೇಳಲಾರ. ಈ ಗಾಡಿಗಳನ್ನು ನಮ್ಮಲ್ಲಿ ಹೆಚ್ಚಾಗಿ ಓಡಿಸುವುದು ಸಂಬಳದ ಚಾಲಕ. ಮಾಲೀಕ ಒಳಗೆ ಸಭೆಯಲ್ಲಿರುವಾಗ ಅವನು ಮೂರು ನಾಲ್ಕು ಗಂಟೆ ನೆಲಮಾಳಿಗೆಯಲ್ಲಿ ಕಾಯುತ್ತಾನೆ. ಪೆಟ್ರೋಲ್ ಎಂಜಿನ್ ಸುಮ್ಮನೆ ಉರಿಯುತ್ತ ನಿಂತರೆ ಗಂಟೆಗೆ ಒಂದು ಲೀಟರಿನ ಹತ್ತಿರ ಕುಡಿಯುತ್ತದೆ, ಆ ಮುಚ್ಚಿದ ಜಾಗದಲ್ಲಿ ಹೊಗೆ ತುಂಬುತ್ತದೆ. ಆದ್ದರಿಂದ ಎಂಜಿನ್ ಆರಿಸಿ ಬೆವರುತ್ತ ಕೂರಬೇಕು. ವಿದ್ಯುತ್ ಗಾಡಿಯಲ್ಲಿ ಗಂಟೆಗೆ ಒಂದೆರಡು ಯೂನಿಟ್ಟಿನಲ್ಲಿ ಅವನು ತಂಪಾಗಿ ಕೂರಬಹುದು, ಹೊಗೆಯಿಲ್ಲ. ನಿಂತ ಗಾಡಿಯಿಂದ ಒಬ್ಬನಿಗಾದರೂ ಆಗುವ ಖಂಡಿತವಾದ ಉಪಕಾರ ಇದೊಂದೇ ಎಂದು ನನಗೆ ತೋರುತ್ತದೆ. ಆದರೆ "ನಾನಿಲ್ಲದಾಗ ಏಸಿ ಹಾಕಕೂಡದು" ಎಂಬ ಅಪ್ಪಣೆ ವಿದ್ಯುತ್ ಗಾಡಿಗಳಲ್ಲೂ ಮುಂದುವರಿದಿರುವುದನ್ನು ಚಾಲಕರ ಬಾಯಿಂದಲೇ ಕೇಳಿದ್ದೇನೆ.

ಸೋದರಳಿಯನಿಗೆ ಕೊನೆಗೆ ಏನು ಹೇಳಿದಿರಿ ಎಂದು ನೀವು ಕೇಳುತ್ತೀರಿ. ಈಗಿನ ಗಾಡಿ ಐವತ್ತೆರಡು ಸಾವಿರ ಕಿಲೋಮೀಟರ್ ಮಾತ್ರ ಓಡಿದೆ, ಇನ್ನೂ ಏಳು ವರ್ಷ ಓಡಿಸು, ಎಂದೆ. ಅದು ಆಗದ ಮಾತಾದರೆ ವಿದ್ಯುತ್ತಿನದನ್ನೇ ತೆಗೆದುಕೊ, ಆದರೆ ಸಾಧ್ಯವಿದ್ದಷ್ಟು ಸಣ್ಣ ಬ್ಯಾಟರಿಯದು. ಹದಿನೈದು ವರ್ಷ ಮಾರಬೇಡ. ಮೂರು ಉಪಾಹಾರಗೃಹಗಳಿಗೆ ತರಕಾರಿ, ಹಾಲು ತರುವ ಎರಡು ಡೀಸೆಲ್ ಟೆಂಪೋಗಳಿವೆಯಲ್ಲ, ದಿನಕ್ಕೆ ತೊಂಬತ್ತು ಕಿಲೋಮೀಟರ್ ಓಡುತ್ತವೆ, ಅವನ್ನು ಮೊದಲು ವಿದ್ಯುತ್ತಿಗೆ ಬದಲಿಸು. ಅಲ್ಲಿ ಹಣವೂ ಉಳಿಯುತ್ತದೆ, ಹೊಗೆಯೂ ತಪ್ಪುತ್ತದೆ, ಎಂದೆ. ಅವನು ಒಂದು ಕಾಗದದ ಮೇಲೆ ಟೆಂಪೋದ ಲೆಕ್ಕ ಹಾಕಿ ನೋಡಿದ, ಎರಡು ಸಲ ನೋಡಿದ, ಮಡಚಿ ಜೇಬಿಗಿಟ್ಟುಕೊಂಡ. ಟೆಂಪೋಗಳಲ್ಲಿ ಒಂದು ಕಳೆದ ತಿಂಗಳು ಬದಲಾಗಿದೆ. ಕಾರಿನ ವಿಷಯ ಮನೆಯಲ್ಲಿ ಇನ್ನೂ ಚರ್ಚೆಯಲ್ಲಿದೆಯಂತೆ. ಬಣ್ಣ ಮಾತ್ರ ತೀರ್ಮಾನವಾಗಿದೆ.

ವಸತಿ ಸಂಘದ ಸಾಕೆಟ್ಟಿನ ವಿವರ ಬೇಕಾದವರು ಆಮೇಲೆ ನನ್ನನ್ನು ಕಾಣಬಹುದು, ನಕ್ಷೆ ತಂದಿದ್ದೇನೆ.